ಅವರ ನಂಬಿಕೆಯನ್ನು ಅವರನ್ನೇ ಕೇಳೋಣ: ಮುಸ್ಲಿಮ್–ಕ್ರೈಸ್ತ ಸಂವಾದದ ಎರಡು ಹಳೆಯ ಪಾಠಗಳು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಪ್ರಥಮ ಪಿಯುಸಿಯಲ್ಲಿದ್ದಾಗ, 2024ರ ಡಿಸೆಂಬರ್‌ನಲ್ಲಿ ಒಂದು ದಿನ ಊಟದ ಬಿಡುವಿನಲ್ಲಿ ನಾನು ನನ್ನ ಗೆಳತಿಗೆ ಒಂದು ಪ್ರಶ್ನೆ ಕೇಳಿದೆ. ಅವಳದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ನಮ್ಮದೇ ಬೀದಿ, ಒಂದನೇ ತರಗತಿಯಿಂದ ಒಂದೇ ಬೆಂಚು. "ದೇವರಿಗೆ ಮಗ ಇದ್ದಾನೆ ಅಂತೀರಲ್ಲ, ಹಾಗಾದ್ರೆ ದೇವರ ಹೆಂಡ್ತಿ ಯಾರೇ?" ಎಂದೆ. ಹಿಂದಿನ ಬೆಂಚಿನವರು ನಕ್ಕರು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನದಲ್ಲ. ಮೊಬೈಲ್‌ನಲ್ಲಿ ನೋಡಿದ ಯಾವುದೋ ವಾದದ ತುಣುಕಿನಿಂದ ಎತ್ತಿಕೊಂಡದ್ದು.

"ನಾವು ಹಾಗೆ ಹೇಳೋದೇ ಇಲ್ವಲ್ಲೇ" ಎಂದಷ್ಟೇ ಹೇಳಿ ಅವಳು ಡಬ್ಬಿ ಮುಚ್ಚಿದಳು. ಮರುದಿನದಿಂದ ಬೇರೆ ಬೆಂಚಿನಲ್ಲಿ ಕೂತಳು.

ಆ ಕ್ರಿಸ್‌ಮಸ್‌ಗೂ ಅವರ ಮನೆಯಿಂದ ಕುಸ್ವಾರ್ ತಟ್ಟೆ ಬಂತು. ತಂದವನು ಅವಳ ತಮ್ಮ. ನಮ್ಮ ದಾದಿ ತಟ್ಟೆ ಇಸಿದುಕೊಂಡು, "ಪ್ರತಿ ವರ್ಷ ಆ ಹುಡುಗಿ ತರ್ತಿದ್ದಳು, ಈ ಸಲ ಯಾಕೆ ಬರಲಿಲ್ಲ?" ಎಂದು ನನ್ನ ಮುಖ ನೋಡಿದರು. ನಾನು ಪರೀಕ್ಷೆಯ ನೆಪ ಹೇಳಿದೆ. ಎರಡು ಮನೆಗಳ ನಡುವೆ ಮೂರು ತಲೆಮಾರಿನಿಂದ ಶೀರ್ ಖುರ್ಮಾ ಹೋಗುತ್ತಿದೆ, ಕುಸ್ವಾರ್ ಬರುತ್ತಿದೆ. ಆದರೆ ನಿಮ್ಮ ನಂಬಿಕೆ ಏನು ಎಂದು ಯಾರೂ ಯಾರನ್ನೂ ಒಮ್ಮೆಯೂ ಕೇಳಿರಲಿಲ್ಲ. ಮೊದಲ ಸಲ ಕೇಳಿದವಳು ನಾನು, ಕೇಳಿದ್ದು ಹೀಗೆ.

ನಮ್ಮ ಇತಿಹಾಸ ಉಪನ್ಯಾಸಕರಿಗೆ ಈ ವಿಷಯ ಹೇಗೋ ತಿಳಿಯಿತು. ಅವರು ಬೈಯಲಿಲ್ಲ. "ನಿನ್ನ ಪ್ರಶ್ನೆಯನ್ನು ನಿನಗಿಂತ ದೊಡ್ಡವರು ಹಿಂದೆಯೇ ಕೇಳಿದ್ದಾರಮ್ಮ, ಅವರಿಗೆ ಏನು ಉತ್ತರ ಸಿಕ್ಕಿತು ಓದು" ಎಂದು ಕೆಲವು ಪುಟಗಳ ಜೆರಾಕ್ಸ್ ಕೊಟ್ಟರು. ಅದನ್ನು ಓದಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸುಮಾರು 782ನೇ ಇಸವಿ, ಬಾಗ್ದಾದ್. ಖಲೀಫ ಅಲ್ ಮಹ್ದಿಯ ಆಳ್ವಿಕೆ. ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಬರುವ ಹಾರೂನ್ ಅಲ್ ರಶೀದನ ತಂದೆ ಇವರು. ಅದೇ ನಗರದಲ್ಲಿ ಪೂರ್ವದ ಚರ್ಚ್ ಎಂಬ ಕ್ರೈಸ್ತ ಸಭೆಯ ಮುಖ್ಯಸ್ಥ, ಪೇಟ್ರಿಯಾರ್ಕ್ ಒಂದನೆಯ ತಿಮೊಥಿ ಇದ್ದರು. ಕೇರಳದ ಸೇಂಟ್ ಥಾಮಸ್ ಕ್ರೈಸ್ತರಿಗೂ ಆಗ ಇದೇ ಸಭೆಯ ಜೊತೆ ಸಂಬಂಧವಿತ್ತು. ಖಲೀಫರು ತಿಮೊಥಿಯವರಿಗೆ ಒಂದು ಕೆಲಸವನ್ನೂ ಒಪ್ಪಿಸಿದ್ದರು: ಅರಿಸ್ಟಾಟಲ್‌ನ ಟಾಪಿಕ್ಸ್ ಗ್ರಂಥವನ್ನು ಸಿರಿಯಾಕ್ ಭಾಷೆಯಿಂದ ಅರಬಿಗೆ ತರುವುದು. ಅದು ವಾದ ಮಾಡುವುದು ಹೇಗೆ ಎಂದು ಕಲಿಸುವ ಪುಸ್ತಕ. ಮುಸ್ಲಿಮ್ ಖಲೀಫರಿಗೆ ವಾದದ ವಿದ್ಯೆಯನ್ನು ಅರಬಿಯಲ್ಲಿ ತಂದುಕೊಟ್ಟವರು ಒಬ್ಬ ಕ್ರೈಸ್ತ ಧರ್ಮಗುರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಇಬ್ಬರೂ ಎರಡು ದಿನ ಧರ್ಮದ ವಿಷಯ ಮಾತಾಡಿದರು. ತಿಮೊಥಿ ಅದನ್ನು ಆಮೇಲೆ ಒಂದು ಪತ್ರದಲ್ಲಿ ಬರೆದಿಟ್ಟರು. ಖಲೀಫರ ಮೊದಲ ಮಾತೇನು ಗೊತ್ತೇ? ಇಷ್ಟು ತಿಳಿದ ನಿಮ್ಮಂಥವರು, ದೇವರು ಒಬ್ಬಳನ್ನು ಮದುವೆಯಾಗಿ ಮಗನನ್ನು ಪಡೆದ ಎಂದು ಹೇಳುವುದು ಸರಿಯೇ ಎಂದು. ಆ ಸಾಲು ಓದಿ ನನ್ನ ಕಿವಿ ಬಿಸಿಯಾಯಿತು. ತಿಮೊಥಿಯವರ ಉತ್ತರವೂ ನನಗೆ ಮೊದಲೇ ಗೊತ್ತಿತ್ತು: ದೇವರ ಬಗ್ಗೆ ಅಂಥ ಮಾತನ್ನು ಯಾರು ತಾನೇ ಆಡಿಯಾರು, ನಾವು ಹಾಗೆ ಹೇಳುವುದಿಲ್ಲ. ಆಮೇಲೆ ಸೂರ್ಯನಿಂದ ಬೆಳಕು ಬರುವ ಹಾಗೆ, ಮನಸ್ಸಿನಿಂದ ಮಾತು ಹುಟ್ಟುವ ಹಾಗೆ ಎಂದು ತಮ್ಮ ನಂಬಿಕೆಯನ್ನು ವಿವರಿಸಿದರು.

ಖಲೀಫರಿಗೂ ನನಗೂ ಒಂದು ವ್ಯತ್ಯಾಸವಿದೆ. ಅವರು ಆ ಉತ್ತರವನ್ನು ಕೇಳಿಸಿಕೊಂಡರು. ನಗಲು ಹಿಂದಿನ ಬೆಂಚು ಇಟ್ಟುಕೊಳ್ಳಲಿಲ್ಲ. ಒಪ್ಪಲಿಲ್ಲ, ಆದರೆ ಮುಂದಿನ ಪ್ರಶ್ನೆಗೆ ಹೋದರು. ಎರಡು ದಿನಗಳಲ್ಲಿ ಅವರು ಒಂದು ಕಠಿಣ ಪ್ರಶ್ನೆಯನ್ನೂ ಕೇಳಿದರು: ನಮ್ಮ ಪ್ರವಾದಿ ಮುಹಮ್ಮದರ(ಸ) ಬಗ್ಗೆ ನೀವೇನು ಹೇಳುತ್ತೀರಿ? ಯೋಚಿಸಿ ನೋಡಿ, ಕೇಳಿದವರು ಸಾಮ್ರಾಜ್ಯದ ಒಡೆಯ, ಉತ್ತರಿಸಬೇಕಾದವರು ಅವರ ಪ್ರಜೆ. ತಿಮೊಥಿ, ಅವರು ಪ್ರವಾದಿಗಳ ದಾರಿಯಲ್ಲಿ ನಡೆದರು, ಜನರನ್ನು ವಿಗ್ರಹಗಳಿಂದ ಬಿಡಿಸಿ ಏಕದೇವನ ಕಡೆಗೆ ತಿರುಗಿಸಿದರು, ಹೊಗಳಿಕೆಗೆ ಅರ್ಹರು ಎಂದರು. ಇಷ್ಟನ್ನು ಮನಸ್ಸಿನಿಂದಲೇ ಹೇಳಿದಂತೆ ಕಾಣುತ್ತದೆ. ಆದರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಖಲೀಫರಿಗೆ ಖುಷಿಯಾಗಲಿ ಎಂದು ತನ್ನ ನಂಬಿಕೆಗಿಂತ ಒಂದು ಮಾತು ಹೆಚ್ಚು ಸೇರಿಸಲಿಲ್ಲ. ಒಬ್ಬ ಮುಸ್ಲಿಮಳಾಗಿ ನನಗೆ ಆ ಉತ್ತರ ಸಾಲದು. ಆದರೂ ಆ ಮನುಷ್ಯನ ಮೇಲೆ ಗೌರವ ಬಂತು.

ಈ ಸಂವಾದ ನಮಗೆ ಸಿಕ್ಕಿರುವುದು ಕ್ರೈಸ್ತರ ಕಡೆಯವರು ಬರೆದಿಟ್ಟದ್ದರಿಂದ. ಹೀಗಾಗಿ ತಿಮೊಥಿಯವರ ಉತ್ತರಗಳೇ ಉದ್ದವಾಗಿವೆ, ಚೆನ್ನಾಗಿವೆ. ಬರೆದವರ ಕಡೆ ತಕ್ಕಡಿ ಸ್ವಲ್ಪ ವಾಲುವುದು ಸಹಜ. ಆದ್ದರಿಂದ ಎರಡನೆಯ ಕಥೆಯನ್ನು ನಮ್ಮ ಕಡೆಯಿಂದ ಹೇಳುತ್ತೇನೆ. ಇದು ನಿಮ್ಮಲ್ಲಿ ಹಲವರಿಗೆ ಮದ್ರಸಾದಿಂದಲೇ ಗೊತ್ತು. ಇಬ್ನ್ ಇಸ್‌ಹಾಕ್ ಬರೆದ ಪ್ರವಾದಿ ಚರಿತ್ರೆಯಲ್ಲಿ, ಆ ವಲಸೆಯಲ್ಲಿ ಸ್ವತಃ ಇದ್ದ ಹಜ್ರತ್ ಉಮ್ಮು ಸಲಮಾ(ರ) ಅವರ ಮಾತಿನಲ್ಲಿ ಬರುತ್ತದೆ.

615ರಲ್ಲಿ ಮಕ್ಕಾದ ಹಿಂಸೆ ತಾಳಲಾರದೆ ಕೆಲವು ಮುಸ್ಲಿಮರು ಸಮುದ್ರ ದಾಟಿ ಹಬಶಾಕ್ಕೆ, ಅಂದರೆ ಅಬಿಸೀನಿಯಾಕ್ಕೆ ಹೋದರು. ಅಲ್ಲಿಯ ದೊರೆ ನಜ್ಜಾಶಿ ಕ್ರೈಸ್ತರು. ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅ ಎಂಬ ಇಬ್ಬರನ್ನು ಚರ್ಮದ ಉಡುಗೊರೆಗಳ ಜೊತೆ ಕಳಿಸಿ, ಓಡಿಬಂದವರನ್ನು ನಮಗೆ ಒಪ್ಪಿಸಿ ಎಂದರು. ನಜ್ಜಾಶಿ, ಆ ಜನರ ಮಾತನ್ನು ಕೇಳದೆ ಒಪ್ಪಿಸಲಾರೆ ಎಂದರು. ಮುಸ್ಲಿಮರ ಪರವಾಗಿ ಜಾಫರ್ ಬಿನ್ ಅಬೀ ತಾಲಿಬ್(ರ) ಮಾತಾಡಿ, ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ದೊರೆಯೂ ಬಿಷಪ್‌ಗಳೂ ಅತ್ತರು. ಸಾಮಾನ್ಯವಾಗಿ ನಾವು ಭಾಷಣಗಳಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ನನಗೆ ಮುಖ್ಯವಾಗಿ ಕಂಡದ್ದು ಮರುದಿನ.

ಮರುದಿನ ಅಮ್ರ್ ಮತ್ತೆ ಬಂದು, ಇವರು ಈಸಾರನ್ನು(ಅ) ದಾಸ ಎನ್ನುತ್ತಾರೆ, ಕೇಳಿ ನೋಡಿ ಎಂದು ದೊರೆಯ ಕಿವಿಗೆ ಹಾಕಿದ. ಮುಸ್ಲಿಮರಿಗೆ ಹಿಂದೆಂದೂ ಬರದಷ್ಟು ದೊಡ್ಡ ಕಷ್ಟ ಬಂತು. ಹಿಂದಕ್ಕೆ ಹೋದರೆ ಮಕ್ಕಾದ ಹಿಂಸೆ, ಮುಂದೆ ಕ್ರೈಸ್ತ ದೊರೆ. ನಿನ್ನೆಯ ಕಣ್ಣೀರಿನ ಸ್ನೇಹವನ್ನು ಉಳಿಸಿಕೊಳ್ಳಲು ಎರಡು ಮಾತು ಮೃದು ಮಾಡಬಹುದಿತ್ತು. ಅವರು ಸೇರಿ ಯೋಚಿಸಿ, ಏನೇ ಆಗಲಿ ಅಲ್ಲಾಹನು ತಿಳಿಸಿದ್ದನ್ನೇ ಹೇಳೋಣ ಎಂದು ನಿರ್ಧರಿಸಿದರು. ಈಸಾ(ಅ) ಅಲ್ಲಾಹನ ದಾಸ, ಅವನ ರಸೂಲ್, ಕನ್ಯೆ ಮರ್ಯಮರಿಗೆ ನೀಡಲಾದ ಅವನ ವಚನ ಎಂದು ಜಾಫರ್(ರ) ಹೇಳಿದರು. 'ದಾಸ' ಎಂಬ ಪದವನ್ನು ಬಿಡಲಿಲ್ಲ. ನಜ್ಜಾಶಿ ನೆಲದಿಂದ ಒಂದು ಕಡ್ಡಿ ಎತ್ತಿ, ನೀವು ಹೇಳಿದ್ದಕ್ಕೂ ಈಸಾರಿಗೂ ಈ ಕಡ್ಡಿಯಷ್ಟೂ ಅಂತರವಿಲ್ಲ ಎಂದರು. ಆಸ್ಥಾನದವರು ಗೊಣಗಿದರು. ಕುರೈಶರ ಉಡುಗೊರೆ ವಾಪಸಾಯಿತು. ನಜ್ಜಾಶಿ ಇಸ್ಲಾಮ್ ಸ್ವೀಕರಿಸಿದರು, ಅವರು ತೀರಿಕೊಂಡಾಗ ಪ್ರವಾದಿಯವರು(ಸ) ಮದೀನಾದಲ್ಲಿ ಜನಾಝಾ ನಮಾಜ್ ಮಾಡಿದರು ಎಂಬುದನ್ನು ನಾವೆಲ್ಲ ಓದಿದ್ದೇವೆ. ಆದರೆ ಜಾಫರ್(ರ) ಅವರ ಎದುರು ನಿಂತು ಮಾತಾಡಿದಾಗ ಅದು ಯಾರಿಗೂ ತಿಳಿದಿರಲಿಲ್ಲ.

ಎರಡು ಕಥೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಬಶಾದಲ್ಲಿ ಅಧಿಕಾರ ಕ್ರೈಸ್ತರ ಕೈಯಲ್ಲಿತ್ತು, ಬಾಗ್ದಾದಿನಲ್ಲಿ ಮುಸ್ಲಿಮರ ಕೈಯಲ್ಲಿ. ಎರಡೂ ಕಡೆ ದುರ್ಬಲರಾದವರು ಸತ್ಯ ಹೇಳಿದರು, ಬಲವಿದ್ದವರು ಹೇಳಲು ಬಿಟ್ಟರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮುಸ್ಲಿಮರು ಸುಮಾರು ಶೇ. 13, ಕ್ರೈಸ್ತರು ಶೇ. 2ಕ್ಕಿಂತ ಕಡಿಮೆ. ಗೇಟಿನ ಹೊರಗೆ ನಾವಿಬ್ಬರೂ ಅಲ್ಪಸಂಖ್ಯಾತರೇ. ಗೇಟಿನ ಒಳಗೆ ಹಾಗಲ್ಲ. ನನ್ನ ತರಗತಿಯಲ್ಲಿ ಕ್ರೈಸ್ತರು ಮೂವರು. ಅವತ್ತು ಆ ಬೆಂಚಿನಲ್ಲಿ ಖಲೀಫಳ ಜಾಗದಲ್ಲಿದ್ದವಳು ನಾನು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಇದನ್ನೆಲ್ಲ ಅಬ್ಬಾಗೆ ಹೇಳಿದಾಗ ಅವರು ಆಗ್ರಾದ ಮುನಾಝರಾ ನೆನಪಿಸಿದರು. 1854ರ ಏಪ್ರಿಲ್ 10 ಮತ್ತು 11ರಂದು ಮೌಲಾನಾ ರಹಮತುಲ್ಲಾ ಕೈರಾನವಿ ಮತ್ತು ಜರ್ಮನ್ ಪಾದ್ರಿ ಫಾಂಡರ್ ನಡುವೆ ಸಭಿಕರ ಎದುರು ನಡೆದ ವಾದ ಅದು. ಮೌಲಾನಾ ಗೆದ್ದ ಕಥೆಯನ್ನು ಉರ್ದು ಮನೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಪಾದ್ರಿಗಳು ಆಗ ನಮ್ಮ ಧರ್ಮದ ಮೇಲೆ ಪುಸ್ತಕ ಬರೆದು ದಾಳಿ ಮಾಡುತ್ತಿದ್ದರು, ಉತ್ತರ ಕೊಡಲೇಬೇಕಿತ್ತು ಎಂದು ಅಬ್ಬಾ ಹೇಳುವುದು ಸರಿಯೇ. ಆದರೆ ಎರಡೇ ದಿನಕ್ಕೆ ಮಾತು ಮುರಿದುಬಿತ್ತು. ಅದಾದ ಕೆಲವೇ ವರ್ಷಕ್ಕೆ, 1862ರಲ್ಲಿ, ಸರ್ ಸಯ್ಯದ್ ಅಹ್ಮದ್ ಖಾನ್ ಘಾಝಿಪುರದಲ್ಲಿ ಬೈಬಲ್ಲಿಗೆ ಉರ್ದುವಿನಲ್ಲಿ ವ್ಯಾಖ್ಯಾನ ಬರೆದು ಅಚ್ಚು ಹಾಕಿಸಿದರು. ಅದರ ಹೆಸರು ತಬ್ಯೀನುಲ್ ಕಲಾಮ್. ಅವರ ಅಭಿಪ್ರಾಯಗಳನ್ನು ನಮ್ಮ ಉಲಮಾಗಳೆಲ್ಲ ಒಪ್ಪಿಲ್ಲ. ಆದರೆ ಇನ್ನೊಬ್ಬರ ಗ್ರಂಥವನ್ನು ಕೂತು ಓದಿದ ಮುಸ್ಲಿಮರೂ ನಮ್ಮ ಭಾಷೆಯಲ್ಲೇ ಇದ್ದರು ಎಂದು ತಿಳಿದು ನನಗೆ ಖುಷಿಯಾಯಿತು. ನನ್ನ ಮೊಬೈಲಿನ ತುಣುಕು ಆಗ್ರಾದ ಮರಿಮಗ ಎನ್ನಬಹುದು, ಮೌಲಾನಾರ ಓದು ಮಾತ್ರ ಅದರಲ್ಲಿಲ್ಲ.

ಕಾಮರ್ಸ್‌ನವಳಾದ್ದರಿಂದ ನನಗೆ ಇದು ಬಿಆರ್‌ಎಸ್ ಲೆಕ್ಕದ ಹಾಗೆ ಕಾಣುತ್ತದೆ. ಕ್ಯಾಶ್‌ಬುಕ್ ನಮ್ಮದು, ಪಾಸ್‌ಬುಕ್ ಬ್ಯಾಂಕಿನದು. ಎರಡೂ ತಾಳೆಯಾಗದಿದ್ದಾಗ ನಾವು ಬ್ಯಾಂಕಿನಿಂದ ಪಾಸ್‌ಬುಕ್ ತರಿಸಿ ನೋಡುತ್ತೇವೆ, ಅದನ್ನು ನಾವೇ ಕೂತು ಬರೆಯುವುದಿಲ್ಲ. ಹಾಕಿದ ಚೆಕ್ ಇನ್ನೂ ವಸೂಲಾಗಿಲ್ಲ ಎಂಬಂಥ ವ್ಯತ್ಯಾಸ ನಿಜವಾದ ವ್ಯತ್ಯಾಸವೇ ಅಲ್ಲ. ದೇವರ ಹೆಂಡತಿಯ ಪ್ರಶ್ನೆ ಅಂಥದ್ದು. ಅದನ್ನು ನಾವೂ ನಂಬುವುದಿಲ್ಲ, ಅವರೂ ನಂಬುವುದಿಲ್ಲ. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವ ನಿಜವಾದ ಅಂತರ ಬೇರೆ. ಹೋಲಿಕೆ ಪೂರ್ತಿ ಸರಿಯಲ್ಲ ಅನ್ನುವುದೂ ಗೊತ್ತು, ಯಾಕೆಂದರೆ ಬಿಆರ್‌ಎಸ್ ಕೊನೆಗೆ ತಾಳೆಯಾಗಲೇಬೇಕು.

ನಾನು ಅವಳ ಮನೆಗೆ ಹೋದದ್ದು ಮಾರ್ಚ್‌ನಲ್ಲಿ, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ. ಆ ವರ್ಷ ಮಾರ್ಚ್ 2ಕ್ಕೆ ನಮ್ಮ ಉಪವಾಸ ಶುರುವಾಗಿತ್ತು, 5ಕ್ಕೆ ಅವರ ಬೂದಿ ಬುಧವಾರ. ಅವಳ ಅಮ್ಮ ಬಾಗಿಲು ತೆಗೆದು, "ರೋಜಾ ಅಲ್ವೇನಮ್ಮ, ನೀರೂ ಕೊಡೋ ಹಾಗಿಲ್ಲ" ಎಂದರು. ನಾನು ಗೆಳತಿಗೆ, "ತಪ್ಪಾಯ್ತು ಕಣೇ. ಎಲ್ಲರೆದುರು ಕೇಳಬಾರದಿತ್ತು, ಹಾಗೂ ಕೇಳಬಾರದಿತ್ತು. ನೀವು ಏನು ಹೇಳ್ತೀರಿ ಅಂತ ನೀನೇ ಹೇಳು" ಎಂದೆ. ಅವಳು 'ಮಗ' ಎಂದರೆ ಹೆತ್ತ ಮಗ ಎಂಬ ಅರ್ಥವಲ್ಲ ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, "ಪೂರ್ತಿ ನನಗೂ ಹೇಳೋಕೆ ಬರಲ್ಲ, ದೊತೊರ್ನ್ ಟೀಚರ್ ಹತ್ರ ಕೇಳಿ ಹೇಳ್ತೀನಿ" ಎಂದಳು. ದೊತೊರ್ನ್ ಎಂದರೆ ಅವರ ಭಾನುವಾರದ ಧರ್ಮಪಾಠ. ನನಗೆ ಸಮಾಧಾನವಾಯಿತು, ಏಕೆಂದರೆ ತಖ್ದೀರ್ ಬಗ್ಗೆ ಯಾರಾದರೂ ಕೇಳಿದರೆ ನನ್ನ ಗತಿಯೂ ಅದೇ.

ಆಮೇಲೆ ಅವಳ ಸರದಿ. ಕುರ್‌ಆನ್‌ನಲ್ಲಿ ಮರಿಯಮ್ಮನ ಹೆಸರಿನ ಅಧ್ಯಾಯ ಇರುವುದು ನಿಜವೇ ಎಂದು ಕೇಳಿದಳು. ಅಂಥ ಪ್ರಶ್ನೆಗೆ ಉತ್ತರಿಸುವುದು ಸುಲಭ, ಖುಷಿಯಿಂದ ಹೇಳಿದೆ. ನಂತರ ಕೇಳಿದಳು: "ಹಾಗಾದ್ರೆ ಶಿಲುಬೆ? ಅದನ್ನ ಒಪ್ತೀರಾ?"

ನನಗೆ ಗೊತ್ತಿಲ್ಲ ಎಂದುಬಿಡಬಹುದಿತ್ತು. ಅವಳ ಹಿಂದಿನ ಗೋಡೆಯ ಮೇಲೆ ಶಿಲುಬೆ ಇತ್ತು, ಕೆಳಗೆ ಆ ವರ್ಷವೇ ತೀರಿಕೊಂಡ ಅವಳ ಅಜ್ಜಿಯ ಫೋಟೋ. "ಇಲ್ಲ ಕಣೇ. ಹಜ್ರತ್ ಈಸಾ ಅವರನ್ನ ಶಿಲುಬೆಗೆ ಏರಿಸಲಿಲ್ಲ, ಅಲ್ಲಾಹ್ ಅವರನ್ನ ತನ್ನ ಕಡೆಗೆ ಎತ್ತಿಕೊಂಡ ಅಂತ ನಾವು ನಂಬ್ತೀವಿ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಂದ್ರೆ ನಮ್ಮ ಗುಡ್ ಫ್ರೈಡೇ ಸುಳ್ಳಾ?" ಎಂದಳು. ಅಷ್ಟೆಲ್ಲ ಓದಿದ್ದರೂ ನನಗೆ ಒಳ್ಳೆಯ ಉತ್ತರ ಹೊಳೆಯಲಿಲ್ಲ. "ನಿನ್ನ ಉಪವಾಸ ಸುಳ್ಳು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ನನ್ನ ನಂಬಿಕೆ ಬೇರೆ, ಅದನ್ನ ನಿನ್ನ ಹತ್ರ ಮುಚ್ಚಿಡೋಕೆ ಆಗಲ್ಲ" ಎಂದೆ. ಅವಳ ಮುಖದಲ್ಲಿ ಬೇಸರ ಇದ್ದೇ ಇತ್ತು. ಆದರೆ ಎದ್ದು ಹೋಗಲಿಲ್ಲ. ಮಗ್ರಿಬ್ ಹತ್ತಿರವಾದಾಗ ನಾನೇ ಎದ್ದೆ.

ತಿಮೊಥಿ ಖಲೀಫರಿಗೆ ಒಂದು ಉಪಮೆ ಹೇಳಿದ್ದರು. ಕತ್ತಲ ಮನೆಯಲ್ಲಿ ಒಂದು ಮುತ್ತು ಬಿದ್ದಿದೆ. ಎಲ್ಲರೂ ಹುಡುಕಿ ಒಂದೊಂದನ್ನು ಹಿಡಿದುಕೊಂಡಿದ್ದಾರೆ, ಒಬ್ಬರ ಕೈಯಲ್ಲಿ ಮುತ್ತು, ಉಳಿದವರ ಕೈಯಲ್ಲಿ ಗಾಜು, ಕಲ್ಲು. ಬೆಳಕು ಬಂದಾಗ ತಿಳಿಯುತ್ತದೆ. ಮುತ್ತು ನಮ್ಮ ಕೈಯಲ್ಲಿದೆ ಎಂಬ ಭರವಸೆ ನಮಗಿದೆ ಎಂದರು ಖಲೀಫರು. ಆಮೆನ್, ಅದರಲ್ಲಿ ನಮಗೂ ಪಾಲು ಸಿಗಲಿ ಎಂದರು ತಿಮೊಥಿ. ನನ್ನ ಕೈಯಲ್ಲಿರುವುದು ಮುತ್ತು ಎಂದೇ ನಾನೂ ನಂಬಿದ್ದೇನೆ. ಅವಳೂ ಹಾಗೇ ನಂಬಿದ್ದಾಳೆ.

ಜೂನ್‌ನಲ್ಲಿ ಕಾಲೇಜು ಶುರುವಾದಾಗ ಅವಳು ಹಳೆಯ ಬೆಂಚಿಗೆ ಬಂದಳು. ಈಗ ನಮ್ಮ ಹತ್ತಿರ ಒಂದು ನೋಟ್‌ಬುಕ್ ಇದೆ. ಒಬ್ಬರಿಗೊಬ್ಬರು ಕೇಳಿ ಉತ್ತರ ಸಿಗದ ಪ್ರಶ್ನೆಗಳನ್ನು ಅದರಲ್ಲಿ ಬರೆಯುತ್ತೇವೆ, ಬಿಡುವಿನಲ್ಲಿ ಇಬ್ಬರೇ ಇದ್ದಾಗ ಮಾತ್ರ ತೆಗೆಯುತ್ತೇವೆ. ನನ್ನ ಉತ್ತರಗಳನ್ನು ದೀನಿಯಾತ್ ಉಸ್ತಾದರ ಹತ್ತಿರ ಕೇಳಿ ಬರೆಯಬೇಕು, ಅವಳದನ್ನು ಚರ್ಚ್‌ನಲ್ಲಿ ಕೇಳಿ ಬರೆಯಬೇಕು. ಕೊನೆಯ ಪ್ರಶ್ನೆ ನನ್ನದು, ಖಲೀಫರಿಂದಲೇ ಎತ್ತಿಕೊಂಡದ್ದು: ನಮ್ಮ ಪ್ರವಾದಿಯವರ(ಸ) ಬಗ್ಗೆ ನೀವೇನು ಹೇಳುತ್ತೀರಿ? ಎರಡು ವಾರವಾಯಿತು, ಉತ್ತರ ಇನ್ನೂ ಬಂದಿಲ್ಲ. ದೊತೊರ್ನ್ ಟೀಚರ್ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಾರಂತೆ.