ಭೌತ ಚಿಕಿತ್ಸಾ ಶಿಕ್ಷಣದಲ್ಲಿ ಸಮದೃಷ್ಟಿ

ಮುರಿದ ಎಲುಬನ್ನು ಶಸ್ತ್ರವೈದ್ಯನು ಕೂಡಿಸಬಲ್ಲನು. ಆದರೆ ಕೂಡಿದ ಕಾಲು ಮತ್ತೆ ನಡೆಯುವಂತೆ ಮಾಡುವುದು ಬೇರೊಂದು ವಿದ್ಯೆ. ವ್ಯಾಯಾಮ, ಅಂಗಮರ್ದನ, ಶಾಖ, ವಿದ್ಯುತ್ತು ಮೊದಲಾದವುಗಳ ನೆರವಿನಿಂದ ಕುಂದಿದ ಅಂಗಗಳಿಗೆ ಚಲನೆಯನ್ನು ಮರಳಿ ದೊರಕಿಸುವ ಈ ಶಾಸ್ತ್ರಕ್ಕೆ ಭೌತ ಚಿಕಿತ್ಸೆ ಎಂದು ಹೆಸರು. ಜನರು ಇದನ್ನು ಫಿಸಿಯೋಥೆರಪಿ ಎಂದೇ ಕರೆಯುವರು. ಈ ವಿದ್ಯೆಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತ್ತು, ಮುಚ್ಚಿದುದರಿಂದ ವಿದ್ಯೆಗೇ ಆದ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಈ ಶಾಸ್ತ್ರದ ಮೂಲಸೂತ್ರವನ್ನು ನೋಡೋಣ. ಒಂದೇ ದಿನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಇಬ್ಬರು ರೋಗಿಗಳಿದ್ದಾರೆಂದು ಭಾವಿಸಿ. ಒಬ್ಬನು ಇಪ್ಪತ್ತರ ತರುಣ, ಇನ್ನೊಬ್ಬಳು ಎಪ್ಪತ್ತರ ವೃದ್ಧೆ. ಇಬ್ಬರ ಗುರಿಯೂ ನಡೆಯುವುದೇ. ಆದರೂ ಇಬ್ಬರ ಕಾಲಿಗೂ ಒಂದೇ ತೂಕವನ್ನು ಕಟ್ಟಿ, ಒಂದೇ ಎಣಿಕೆಯಲ್ಲಿ ಎತ್ತಿಸುವ ಚಿಕಿತ್ಸಕನನ್ನು ಯಾರೂ ಸಮದರ್ಶಿಯೆನ್ನರು, ಅವಿವೇಕಿಯೆಂದಾರು. ಎಲ್ಲರಿಗೂ ಒಂದೇ ಅಳತೆ ಎಂಬುದು ಸಮಾನತೆಯ ತೋರಿಕೆ ಮಾತ್ರ. ಅವರವರ ಅವಶ್ಯಕತೆಗೆ ತಕ್ಕ ನೆರವನ್ನಿತ್ತು ಎಲ್ಲರನ್ನೂ ಗುರಿ ಮುಟ್ಟಿಸುವುದೇ ನಿಜವಾದ ನ್ಯಾಯ. ರೋಗಿಯ ವಿಷಯದಲ್ಲಿ ಈ ಸತ್ಯವನ್ನು ದಿನವೂ ಪಾಲಿಸುವ ಶಾಸ್ತ್ರವು ತನ್ನ ಪಾಠಶಾಲೆಯಲ್ಲಿ ಮಾತ್ರ ಅದನ್ನು ಬಹುಕಾಲ ಮರೆತಿತ್ತು.

ಅಮೆರಿಕದ ಇತಿಹಾಸವೇ ಇದಕ್ಕೆ ಸಾಕ್ಷಿ. ಪೋಲಿಯೋ ರೋಗದಿಂದ ಕಾಲುಗಳ ಶಕ್ತಿಯನ್ನು ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರು 1927ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ, ಬಿಸಿನೀರಿನ ಬುಗ್ಗೆಗಳ ಬಳಿ, ಚಿಕಿತ್ಸಾ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅಲ್ಲಿ ಬಿಳಿಯ ರೋಗಿಗಳಿಗೆ ಮಾತ್ರ ಪ್ರವೇಶವಿತ್ತು. ಕಪ್ಪು ವರ್ಣದವರು ಕೆಲಸಗಾರರಾಗಿ ಇರಬಹುದಿತ್ತು, ರೋಗಿಗಳಾಗಿ ಅಲ್ಲ. ಕಪ್ಪು ಜನರಿಗೆ ಪೋಲಿಯೋ ಅಷ್ಟಾಗಿ ತಗಲದೆಂದು ಕೆಲವು ತಜ್ಞರು ಸಮಾಧಾನ ಹೇಳುತ್ತಿದ್ದರು. ಪರೀಕ್ಷಿಸುವ ವೈದ್ಯರೇ ಇಲ್ಲದ ಕಡೆ ರೋಗಿಗಳ ಲೆಕ್ಕ ಸಿಗುವುದಾದರೂ ಹೇಗೆ? ಕಡೆಗೆ 1941ರಲ್ಲಿ, ಅಲಬಾಮಾ ರಾಜ್ಯದ ಟಸ್ಕೆಗೀ ವಿದ್ಯಾಸಂಸ್ಥೆಯಲ್ಲಿ ಕಪ್ಪು ಮಕ್ಕಳಿಗಾಗಿ 36 ಹಾಸಿಗೆಗಳ ಪೋಲಿಯೋ ಕೇಂದ್ರವು ತೆರೆಯಿತು. ಅದು ರೋಗಿಗಳನ್ನು ಉಪಚರಿಸಿದುದು ಮಾತ್ರವಲ್ಲ. ಬೇರೆಡೆ ಅವಕಾಶವಿಲ್ಲದ ಕಪ್ಪು ವೈದ್ಯರಿಗೂ ಭೌತ ಚಿಕಿತ್ಸಕರಿಗೂ ತರಬೇತಿಯನ್ನು ನೀಡಿತು. ಪ್ರತ್ಯೇಕತೆಯ ಗೋಡೆ ಹಾಗೆಯೇ ನಿಂತಿದ್ದರೂ, ಅದರೊಳಗೊಂದು ಕಿಟಕಿ ತೆರೆದಂತಾಯಿತು.

ಗೋಡೆಯನ್ನೇ ದಾಟಿದವರಲ್ಲಿ ಲಿಂಡಾ ವುಡ್‌ರಫ್ ಒಬ್ಬರು. 1962ರ ಜನವರಿಯಲ್ಲಿ, ವರ್ಜೀನಿಯಾದ ಲಿಂಚ್‌ಬರ್ಗ್ ನಗರದಲ್ಲಿ, ನ್ಯಾಯಾಲಯದ ಆಜ್ಞೆಯ ಬಲದಿಂದ ಬಿಳಿಯರ ಪ್ರೌಢಶಾಲೆಯನ್ನು ಹೊಕ್ಕ ಇಬ್ಬರು ಕಪ್ಪು ಮಕ್ಕಳಲ್ಲಿ ಈಕೆ ಒಬ್ಬಳು. ಓವನ್ ಕಾರ್ಡ್‌ವೆಲ್ ಎಂಬ ಬಾಲಕನು ಇನ್ನೊಬ್ಬನು. ಮುಂದೆ ಆ ಬಾಲಕಿಯು ಭೌತ ಚಿಕಿತ್ಸೆಯನ್ನು ಕಲಿತು, ಪ್ರಾಧ್ಯಾಪಕಿಯಾಗಿ, ವಾರ್ಮ್ ಸ್ಪ್ರಿಂಗ್ಸ್ ಇರುವ ಅದೇ ಜಾರ್ಜಿಯಾದಲ್ಲಿ ಈ ವಿದ್ಯೆಯ ವಿಭಾಗವೊಂದನ್ನು ಕಟ್ಟಿದರು. ತಾವು ಒಳಗೆ ಬಂದ ಮೇಲೆ ಬಾಗಿಲನ್ನು ಮುಚ್ಚದೆ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳನ್ನು ಕೈಹಿಡಿದು ನಡೆಸಿದರು. 2018ರಲ್ಲಿ ಅವರು ತೀರಿಕೊಂಡರು.

ಇದು ಕೇವಲ ಔದಾರ್ಯದ ಮಾತೆಂದು ಕೆಲವರು ಭಾವಿಸಬಹುದು. ಹಾಗಲ್ಲ; ಇದು ವಿದ್ಯೆಯ ಪೂರ್ಣತೆಯ ಮಾತು. ಒಂದು ನಿದರ್ಶನವನ್ನು ನೋಡಿ. ಬಹುದಿನ ಹಾಸಿಗೆ ಹಿಡಿದವರಿಗೆ ಒತ್ತಡದಿಂದ ಹುಣ್ಣಾಗುವುದುಂಟು. ಚರ್ಮ ಕೆಂಪಾಗುವುದೇ ಅದರ ಮೊದಲ ಚಿಹ್ನೆಯೆಂದು ಪಠ್ಯಗಳು ಕಲಿಸುತ್ತ ಬಂದವು. ಆದರೆ ಕಪ್ಪು ಚರ್ಮದಲ್ಲಿ ಆ ಕೆಂಪು ಎದ್ದು ಕಾಣದು; ಕೈಯಿಂದ ಮುಟ್ಟಿ, ಬಿಸಿಯನ್ನೂ ಗಡಸನ್ನೂ ಅರಿಯಬೇಕು. ಬಿಳಿಯ ಮೈಯೊಂದನ್ನೇ ನೋಡಿ ಕಲಿತವನು ಈ ಹುಣ್ಣನ್ನು ತಡವಾಗಿ ಕಂಡರೆ ನೋವು ರೋಗಿಯದು, ತಪ್ಪು ಪಾಠದ್ದು. ಮುಟ್ಟಿ ಅರಿಯುವ ಈ ವಿದ್ಯೆಯು ಕಣ್ಣಿಲ್ಲದವರಿಗೂ ಒಲಿಯಿತೆಂಬುದನ್ನು ಮರೆಯಬಾರದು. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಬ್ರಿಟಿಷ್ ಸೈನಿಕರು ಕೆಲವರು ಅಂಗಮರ್ದನವನ್ನು ಕಲಿತು ಆಸ್ಪತ್ರೆಗಳಲ್ಲಿ ಗೌರವದಿಂದ ದುಡಿದರು.

ಇನ್ನು ನಮ್ಮ ಮನೆಗೆ ಬರೋಣ. ನಮ್ಮ ಮುಂಬಯಿಯ ಪರೇಲಿನಲ್ಲಿರುವ ಕೆ. ಇ. ಎಂ. ಆಸ್ಪತ್ರೆಯಲ್ಲಿ 1950ರ ದಶಕದ ಆರಂಭದಲ್ಲಿ ಭಾರತದ ಮೊದಲ ಭೌತ ಚಿಕಿತ್ಸಾ ಶಾಲೆ ಪ್ರಾರಂಭವಾಯಿತು. ಶಾಸ್ತ್ರವು ಪಶ್ಚಿಮದಿಂದ ಬಂದಿತು, ಮೊಣಕಾಲುಗಳು ನಮ್ಮವು. ಸಮನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 60ರಿಂದ 70 ಡಿಗ್ರಿ ಮಡಿಸಿದರೆ ಸಾಕು. ಕುರ್ಚಿಯಿಂದ ಏಳಲು 90ರಷ್ಟು ಬೇಕು. ಕುಕ್ಕರುಗಾಲಿನಲ್ಲಿ ಕೂರಲೋ 130ಕ್ಕೂ ಮಿಕ್ಕಬೇಕು. ಕುರ್ಚಿಯ ಬದುಕನ್ನಷ್ಟೇ ಬಲ್ಲವನು 90ಕ್ಕೇ ತೃಪ್ತನಾದಾನು. ನೆಲದ ಮೇಲೆ ಕುಳಿತು ಉಣ್ಣುವ, ರಂಗೋಲಿಯಿಡುವ ಮನೆಯಿಂದ ಬಂದವಳು "ಅಜ್ಜೀ, ಮನೆಯಲ್ಲಿ ಹೇಗೆ ಕೂರುತ್ತೀರಿ?" ಎಂದು ಮೊದಲು ಕೇಳುವಳು. ಆ ಪ್ರಶ್ನೆ ಕನ್ನಡದಲ್ಲಿ ಬಂದರೆ, ತಿಳಿಯದ ಭಾಷೆಗೆ ಸುಮ್ಮನೆ ತಲೆಯಾಡಿಸುತ್ತಿದ್ದ ಅಜ್ಜಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳುವಳು.

ವಿದ್ಯಾರ್ಥಿಮಿತ್ರರೇ, ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇಂಗ್ಲಿಷಿನ ಕಾಲೇಜು ದೂರದ್ದೆಂದು ನಮ್ಮಲ್ಲಿ ಹಲವರು ಅಂಜುವುದುಂಟು. ಅಂಜಿಕೆ ಸಹಜವೇ. ಮೊದಲ ವರ್ಷದಲ್ಲಿ ಭಾಷೆಯ ತೊಡಕನ್ನು ಬಿಡಿಸುವ ಪಾಠಗಳನ್ನೂ, ಬಡವರಿಗೆ ವಿದ್ಯಾರ್ಥಿವೇತನವನ್ನೂ ಒದಗಿಸುವುದು ಕಾಲೇಜುಗಳ ಕರ್ತವ್ಯ. ಅದು ಭಿಕ್ಷೆಯಲ್ಲ; ಏಳಲೆತ್ನಿಸುವ ರೋಗಿಗೆ ಚಿಕಿತ್ಸಕನು ಕೊಡುವ ಊರುಗೋಲಿನಂಥದು. ಊರುಗೋಲನ್ನು ಹಿಡಿದು ಎದ್ದು ನಿಂತವರು, ಮುಂದೆ ಇನ್ನೊಬ್ಬರನ್ನು ಎಬ್ಬಿಸುವ ಕೈಗಳಾಗಲೆಂದು ನಾವು ಹಾರೈಸುತ್ತೇವೆ.