ಬಿಸಿ ವರ್ಟ್, ತಪ್ಪು ಓದು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳೋರು ಬಹಳ ಜನ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಅದರ ಲೆಕ್ಕ ಕಲಿಯೋಕೆ ಅಡ್ಡಿಯಿಲ್ಲ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸವೇ ವರ್ಟ್. ಅದರಲ್ಲಿ ಸಕ್ಕರೆ ಎಷ್ಟಿದೆ ಅಂತ ಹೈಡ್ರೋಮೀಟರ್ ತೇಲಿಸಿ ನೋಡ್ತಾರೆ. ವರ್ಟ್ ಆರುವ ಮೊದಲೇ ಅಳೆಯೋದು ಇಲ್ಲಿನ ಸಾಮಾನ್ಯ ತಪ್ಪು. ಬಿಸಿ ದ್ರವ ಹಿಗ್ಗಿರುತ್ತೆ, ಸಾಂದ್ರತೆ ಇಳಿದಿರುತ್ತೆ, ಹೈಡ್ರೋಮೀಟರ್ ಹೆಚ್ಚು ಮುಳುಗುತ್ತೆ.

ಒಂದು ಉದಾಹರಣೆ ನೋಡೋಣ. ಉಪಕರಣ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು, ವರ್ಟ್ 40 ಡಿಗ್ರಿಯಲ್ಲಿದೆ, ಓದು 1.044. ನೀರಿನ ಸಾಂದ್ರತೆ 20 ಡಿಗ್ರಿಯಲ್ಲಿ 0.9982, 40ರಲ್ಲಿ 0.9922. ಅನುಪಾತ ಸುಮಾರು 1.006. ವರ್ಟ್‌ಗೂ ಇದನ್ನೇ ಅಂದಾಜಾಗಿ ಬಳಸಿದರೆ:

1.044 × 1.006 = 1.050

ಹುದುಗಿದ ಮೇಲೆ, 20 ಡಿಗ್ರಿಯಲ್ಲಿ ಓದು 1.010 ಅಂದುಕೊಳ್ಳೋಣ. ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತೆ. ತಪ್ಪು ಓದಿನಿಂದ 4.5, ಸರಿ ಓದಿನಿಂದ 5.2.

ನಿಜವಾದ ಅಪಾಯ ಇರೋದು ಅವಸರದಲ್ಲಿ. 1.050 ಬೇಕಿತ್ತು, 1.044 ಬಂತು ಅಂತ ಸಕ್ಕರೆ ಸುರಿದರೆ ಆಲ್ಕೋಹಾಲ್ ಶೇ. 6 ಮುಟ್ಟುತ್ತೆ. ಕುಡಿಯುವವರಿಗೆ ತಾವೆಷ್ಟು ಕುಡಿದೆವು ಅನ್ನೋದೇ ಗೊತ್ತಾಗಲ್ಲ.

ಆದ್ದರಿಂದ ಮೊದಲು ಲೆಕ್ಕ ತಿದ್ದಬೇಕು, ಪಾತ್ರೆಗೆ ಕೈ ಹಾಕಬಾರದು. ಸಾಧ್ಯವಾದರೆ ಸ್ಯಾಂಪಲ್ ಆರಿಸಿ ಮತ್ತೆ ಅಳೆಯಬೇಕು. ನಮ್ಮ ಲ್ಯಾಬ್ ರೆಕಾರ್ಡ್‌ಗೂ ಇದೇ ಪಾಠ: ಪಕ್ಕದಲ್ಲಿ ಉಷ್ಣತೆ ಬರೆಯದ ಸಾಂದ್ರತೆ ಅರ್ಧ ಅಳತೆ ಅಷ್ಟೇ.