ಶಾಲಾ ಕೈತೋಟ: ಬೇಸಿಗೆ ರಜೆಯನ್ನು ದಾಟಿಸುವ ಹೊಣೆ

ಜೂನ್ 5ರ ವಿಶ್ವ ಪರಿಸರ ದಿನದಂದು ಶಾಲೆಯ ಆವರಣದಲ್ಲಿ ಸಸಿ ನೆಡುವುದು ಬಹುತೇಕ ಗ್ರಾಮಗಳಲ್ಲಿ ರೂಢಿಯಾಗಿದೆ. ಮಳೆಗಾಲದಲ್ಲಿ ಆ ಸಸಿಗಳು ತಾವಾಗಿಯೇ ಚಿಗುರುತ್ತವೆ. ದಸರಾ ರಜೆಯಲ್ಲಿ ದನಕರುಗಳು ಒಳನುಗ್ಗಿ ಅರ್ಧವನ್ನು ಮೇಯುತ್ತವೆ; ಏಪ್ರಿಲ್, ಮೇ ತಿಂಗಳುಗಳಲ್ಲಿ ಉಳಿದುದೂ ಒಣಗುತ್ತದೆ. ಮರುವರ್ಷ ಅದೇ ಗುಂಡಿಗಳಲ್ಲಿ ಮತ್ತೆ ಸಸಿ ನೆಡಲಾಗುತ್ತದೆ. ಕೈತೋಟಗಳು ಸಾಮಾನ್ಯವಾಗಿ ಸೋಲುವುದು ನೀರು, ಬೇಲಿ ಮತ್ತು ರಜೆ ಎಂಬ ಮೂರು ವಿಷಯಗಳಲ್ಲಿ. ಈ ಮೂರನ್ನೂ ಸರಿಪಡಿಸುವ ಅವಕಾಶ ಶಿಕ್ಷಕರಿಗಿಂತ ಗ್ರಾಮ ಪಂಚಾಯಿತಿಗೆ ಹೆಚ್ಚಾಗಿದೆ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಪಂಚಾಯಿತಿಯ ಸೌಕರ್ಯ ಸಮಿತಿಯು ಶಿಕ್ಷಣ, ಸಾರ್ವಜನಿಕ ಆರೋಗ್ಯ ಹಾಗೂ ಲೋಕೋಪಯೋಗಿ ಕಾರ್ಯಗಳನ್ನು ನೋಡಿಕೊಳ್ಳತಕ್ಕದ್ದು. ಶಾಲಾ ಕೈತೋಟ ಈ ಮೂರಕ್ಕೂ ಸೇರಿದ ವಿಷಯ. ಕೇಂದ್ರ ಸರ್ಕಾರವು 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳ ಕುರಿತು ಮಾರ್ಗಸೂಚಿ ಹೊರಡಿಸಿದೆ. ವಿಶಾಲ ಜಮೀನು ಅನಿವಾರ್ಯವಲ್ಲ, ಕುಂಡ, ಡಬ್ಬ, ಚೀಲಗಳಲ್ಲಿಯೂ ಬೆಳೆಯಬಹುದು ಎಂಬುದು ಅದರ ಆಶಯ. ಆದುದರಿಂದ ಸ್ಥಳವಿಲ್ಲವೆಂಬ ಕಾರಣವನ್ನು ಸದಸ್ಯರು ಸುಲಭವಾಗಿ ಒಪ್ಪಬೇಕಾಗಿಲ್ಲ.

ತೋಟದಿಂದ ಎಷ್ಟು ನಿರೀಕ್ಷಿಸಬೇಕೆಂಬುದನ್ನು ಮೊದಲೇ ಲೆಕ್ಕ ಹಾಕುವುದು ಒಳಿತು. ಮಧ್ಯಾಹ್ನದ ಬಿಸಿಯೂಟದಲ್ಲಿ ಪ್ರಾಥಮಿಕ ಹಂತದ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕ ಹಂತದಲ್ಲಿ 75 ಗ್ರಾಂ ತರಕಾರಿ ನಿಗದಿಯಾಗಿದೆ. 60 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ದಿನಕ್ಕೆ 3 ಕಿಲೋ ಬೇಕು. ಸಣ್ಣ ಕೈತೋಟ ಇದನ್ನು ಪೂರ್ತಿ ಒದಗಿಸಲಾರದು. ಒದಗಿಸುತ್ತದೆಂದು ವರದಿ ಬರೆಯುವುದೂ ಸಲ್ಲದು. ಸಾರಿಗೆ ಬೀಳುವ ಸೊಪ್ಪು, ಕರಿಬೇವು, ನಿಂಬೆ, ವಾರಕ್ಕೊಂದೆರಡು ದಿನ ನುಗ್ಗೆ ಅಥವಾ ಪಪ್ಪಾಯಿ, ಇಷ್ಟು ದೊರೆತರೆ ತೋಟ ಸಾರ್ಥಕ. ಈ ದೃಷ್ಟಿಯಿಂದ ನುಗ್ಗೆಗೆ ಮೊದಲ ಸ್ಥಾನ ಸಲ್ಲಬೇಕು. ಅದರ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಮತ್ತು ‘ಎ’ ಜೀವಸತ್ವದ ಮೂಲವಸ್ತು ಹೇರಳವಾಗಿದ್ದು, ಬೇರೂರಿದ ಮೇಲೆ ಗಿಡವು ಬರವನ್ನೂ ತಾಳುತ್ತದೆ. ಹರಿವೆ, ಮೆಂತ್ಯಗಳು ಬಿತ್ತಿದ ಒಂದು ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ, ತಾವು ಬಿತ್ತಿದ್ದನ್ನು ಮಕ್ಕಳು ತಮ್ಮ ತಟ್ಟೆಯಲ್ಲಿಯೇ ಕಾಣುತ್ತಾರೆ. ಟೊಮೆಟೊ, ಹೂಕೋಸುಗಳಿಗೆ ರೋಗ ಕೀಟಗಳ ಬಾಧೆ ಹೆಚ್ಚು. ಮೊದಲ ವರ್ಷದಲ್ಲಿ ಅವನ್ನು ಬಿಡುವುದೇ ಲೇಸು. ಶಾಲೆಯ ಆವರಣಕ್ಕೆ ರಾಸಾಯನಿಕ ಕೀಟನಾಶಕ ಯಾವ ಕಾರಣಕ್ಕೂ ಬರಕೂಡದು.

ಇನ್ನು ನೀರು. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 40 ಚದರ ಮೀಟರಿಗೆ 200 ಲೀಟರ್. ಕುಡಿಯುವ ನೀರಿಗೇ ಕಷ್ಟವಿರುವ ಊರಿನಲ್ಲಿ ಈ ಬೇಡಿಕೆಯನ್ನು ಸಭೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ 60 ಮಕ್ಕಳು ಕೈ ಮತ್ತು ತಟ್ಟೆ ತೊಳೆಯಲು ತಲಾ 2 ಲೀಟರ್ ಬಳಸಿದರೂ 120 ಲೀಟರ್ ನೀರು ಪ್ರತಿದಿನ ಚರಂಡಿಗೆ ಹರಿಯುತ್ತದೆ. ಕೈತೊಳೆಯುವ ಕಟ್ಟೆಯಿಂದ ಒಂದು ಕೊಳವೆ, ಜಲ್ಲಿ ಮರಳು ತುಂಬಿದ ಒಂದು ಸಣ್ಣ ಗುಂಡಿ, ಅಲ್ಲಿಂದ ಬಾಳೆ, ಪಪ್ಪಾಯಿ, ನುಗ್ಗೆಯ ಪಾತಿಗಳಿಗೆ ಕಾಲುವೆ: ಇದು ದೊಡ್ಡ ಕಾಮಗಾರಿಯಲ್ಲ. ಈ ನೀರನ್ನು ಸೊಪ್ಪಿನ ಮಡಿಗೆ ಮಾತ್ರ ಬಿಡಬಾರದು. ರಜೆ ಆರಂಭವಾದೊಡನೆ ಈ ನೀರೂ ನಿಲ್ಲುತ್ತದೆಂಬುದನ್ನು ಮರೆಯುವಂತಿಲ್ಲ. ಆದುದರಿಂದ ಮಾರ್ಚ್ ಅಂತ್ಯಕ್ಕೆ ಸೊಪ್ಪಿನ ಮಡಿಗಳನ್ನು ಮುಗಿಸಿ, ಗಿಡಗಳ ಬುಡಕ್ಕೆ ಒಣ ಎಲೆಯ ದಪ್ಪ ಹೊದಿಕೆ ಹಾಕಿ, ಹತ್ತಿಪ್ಪತ್ತು ಬಹುವಾರ್ಷಿಕ ಗಿಡಗಳನ್ನಷ್ಟೇ ರಜೆಗೆ ಉಳಿಸಿಕೊಳ್ಳುವುದು ಜಾಣತನ.

ಕಾಂಪೌಂಡಿಲ್ಲದ ಶಾಲೆಗಳಲ್ಲಿ ಗೋಡೆಗಾಗಿ ಕಾಯುತ್ತ ವರ್ಷಗಳನ್ನು ಕಳೆಯುವುದಕ್ಕಿಂತ, ತೋಟದ ಭಾಗಕ್ಕಷ್ಟೇ ಮುಳ್ಳುಬೇಲಿ ಅಥವಾ ಜೀವಂತ ಬೇಲಿ ಹಾಕಿಸುವುದು ಮೇಲು.

ಮಕ್ಕಳ ಪಾತ್ರದ ಬಗ್ಗೆ ಸದಸ್ಯರಿಗೆ ಸ್ಪಷ್ಟತೆ ಇರಬೇಕು. ಬಿತ್ತುವುದು, ಕಳೆ ಗುರುತಿಸುವುದು, ಎಲೆ ಎಣಿಸುವುದು, ಮಡಿಯ ಉದ್ದಗಲ ಅಳೆಯುವುದು ಕಲಿಕೆ. ಗುಂಡಿ ತೋಡುವುದು, ದೂರದಿಂದ ಕೊಡ ಹೊತ್ತು ತರುವುದು ದುಡಿಮೆ. ನೀರು ಹಾಕುವ ಕೆಲಸ ಸದ್ದಿಲ್ಲದೆ ಹೆಣ್ಣುಮಕ್ಕಳ ಪಾಲಿಗೆ, ಕೆಲವೆಡೆ ಒಂದೇ ಕೇರಿಯ ಮಕ್ಕಳ ಪಾಲಿಗೆ ಬೀಳುವುದುಂಟು. ಶಾಲೆಗೆ ಭೇಟಿ ನೀಡಿದಾಗ ಸರದಿಯ ಪಟ್ಟಿಯನ್ನು ಕೇಳಿ ನೋಡಬೇಕು. ಪಟ್ಟಿಯೇ ಇಲ್ಲದಿದ್ದರೆ ಅದನ್ನು ಮಾಡಿಸಬೇಕು.

ರಜೆಯ ಹೊಣೆಯನ್ನು ಬಾಯಿಮಾತಿನಲ್ಲಿ ಅಡುಗೆ ಸಿಬ್ಬಂದಿಗೆ ಒಪ್ಪಿಸುವುದು ಸಾಮಾನ್ಯ. ಅವರ ಗೌರವಧನ ವರ್ಷದಲ್ಲಿ 10 ತಿಂಗಳಿಗೆ ಮಾತ್ರ ಸಲ್ಲುತ್ತದೆ. ಕೂಲಿಯಿಲ್ಲದ ಎರಡು ತಿಂಗಳಲ್ಲಿ ಬಿಸಿಲಿನಲ್ಲಿ ನೀರು ಹೊರಬೇಕೆಂದು ಆ ಮಹಿಳೆಯರನ್ನು ಕೇಳುವುದು ನ್ಯಾಯವಲ್ಲ. ಕೇಳಿದರೂ ಕೆಲಸ ನಡೆಯುವುದಿಲ್ಲ. ಅಡುಗೆ ಸಿಬ್ಬಂದಿಯಾಗಲಿ, ಸ್ವಸಹಾಯ ಸಂಘವಾಗಲಿ, ಶಾಲೆಯ ಪಕ್ಕದ ಮನೆಯವರಾಗಲಿ, ಒಪ್ಪಿದವರೊಡನೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಲಿಖಿತ ಒಪ್ಪಂದವಾಗಬೇಕು. ರಜೆಯಲ್ಲಿ ಬರುವ ನುಗ್ಗೆ, ನಿಂಬೆ, ಪಪ್ಪಾಯಿಯೆಲ್ಲವೂ ನೀರುಣಿಸಿದವರಿಗೇ ಸೇರತಕ್ಕದ್ದೆಂದು ಅದರಲ್ಲಿ ಬರೆಯಬಹುದು.

ಈ ವಿಷಯವನ್ನು ಮಾರ್ಚ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವುದು ಸೂಕ್ತ. ವ್ಯಾಪ್ತಿಯ ಪ್ರತಿ ಶಾಲೆಗೂ ನೀರುಣಿಸುವವರು ಯಾರು, ನೀರು ಎಲ್ಲಿಂದ, ಗೇಟಿನ ಬೀಗದ ಕೈ ಯಾರ ಬಳಿ, ವಾರಕ್ಕೊಮ್ಮೆ ಹೋಗಿ ನೋಡುವ ಸದಸ್ಯರು ಯಾರು ಎಂಬ ನಾಲ್ಕು ಅಂಶಗಳನ್ನು ನಡಾವಳಿಯಲ್ಲಿ ದಾಖಲಿಸತಕ್ಕದ್ದು. ಶಾಲೆ ಪುನರಾರಂಭವಾದ ದಿನ ಉಳಿದಿರುವ ಗಿಡಗಳನ್ನು ಎಣಿಸಿ, ಆ ಸಂಖ್ಯೆಯನ್ನು ಮುಂದಿನ ಸಭೆಯಲ್ಲಿ ಓದಿ ಹೇಳತಕ್ಕದ್ದು.